ಕೋಶವು ಎರಡಾಗುವ ಕೊನೆಯ ಗಳಿಗೆ

ಕಾಯಿಪಲ್ಯ ಹೆಚ್ಚುವಾಗ ಈಳಿಗೆಯ ಅಲಗು ಬೆರಳಿಗೆ ತಾಗಿದರೆ ರಕ್ತ ಒಸರುತ್ತದೆ. ತೊಳೆದು ಬಟ್ಟೆ ಸುತ್ತುತ್ತೇವೆ. ಕೆಲವು ದಿನ ಕಳೆಯುವುದರೊಳಗೆ ಹೊಸ ಚರ್ಮ ಬಂದು, ಗಾಯವಾದ ಜಾಗವನ್ನು ಹುಡುಕಿ ನೋಡಬೇಕಾಗುತ್ತದೆ. ಆ ಕೆಲವು ದಿನಗಳಲ್ಲಿ ಅಲ್ಲಿ ನಡೆದ ಕಾರ್ಯವನ್ನು ನಾವು ಗಮನಿಸುವುದೇ ಇಲ್ಲ. ಗಾಯದ ಅಂಚಿನಲ್ಲಿದ್ದ ಜೀವಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ತೆರವಾದ ಸ್ಥಳವನ್ನು ತುಂಬಿರುತ್ತವೆ. ನಮ್ಮ ಎಲುಬುಗಳೊಳಗಿನ ಮಜ್ಜೆಯಲ್ಲಿ ಇಂತಹ ವಿಭಜನೆಯ ಫಲವಾಗಿ ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣಗಳು ಸಿದ್ಧವಾಗುತ್ತವೆ. ನಾವು ಎಚ್ಚರವಿರಲಿ, ನಿದ್ರಿಸುತ್ತಿರಲಿ, ಈ ಕಾಯಕಕ್ಕೆ ಬಿಡುವೆಂಬುದಿಲ್ಲ.

ಕೋಶವು ವಿಭಜನೆಗೆ ತೊಡಗುವ ವಿಚಾರವನ್ನು ಮಕ್ಕಳು ಶಾಲೆಯ ಪುಸ್ತಕಗಳಲ್ಲಿ ಓದುತ್ತಾರೆ. ತೊಡಗಿದ ಕಾರ್ಯವನ್ನು ಅದು ಮುಗಿಸುವ ಬಗೆ ಮಾತ್ರ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಈ ತಿಂಗಳು ಆ ಕೊನೆಯ ಘಟ್ಟವನ್ನೇ ವಾಚಕರ ಮುಂದಿಡಬಯಸುತ್ತೇವೆ. ಇದು ಕೇವಲ ಪ್ರಯೋಗಶಾಲೆಯವರ ಕುತೂಹಲದ ಸಂಗತಿಯಲ್ಲ. ಮನೆಯಲ್ಲಿ ಗರ್ಭ ನಿಲ್ಲದೆ ಹೋದಾಗ, ಹುಟ್ಟಿದ ಮಗುವಿನ ಬುದ್ಧಿ ಮಂದವಾಗಿರುವುದು ಕಂಡುಬಂದಾಗ, ದೋಷವನ್ನು ಯಾರ ತಲೆಗೆ ಕಟ್ಟುತ್ತೇವೆ ಎಂಬ ಪ್ರಶ್ನೆಯೂ ಇದರೊಳಗೆ ಅಡಗಿದೆ.

ಮೊದಲು ಕೋಶದೊಳಗಿನ ಚಿತ್ರವನ್ನು ತಿಳಿದುಕೊಳ್ಳೋಣ. ಜರ್ಮನಿಯ ಕೀಲ್ ನಗರದ ಪ್ರಾಧ್ಯಾಪಕ ವಾಲ್ಟರ್ ಫ್ಲೆಮಿಂಗ್ ಎಂಬವರು ಸಾಲಮಾಂಡರ್ ಎಂಬ ಉಭಯಚರದ ಮರಿಗಳ ಕೋಶಗಳಿಗೆ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ತಾವು ಕಂಡುದನ್ನು 1882ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ವಿಭಜನೆಗೆ ಮುನ್ನ ಕೋಶಕೇಂದ್ರದಲ್ಲಿ ದಾರದಂತಹ ಎಳೆಗಳು ಮೂಡಿ, ಉದ್ದಕ್ಕೆ ಸೀಳಿ, ಎರಡು ಪಾಲಾಗಿ ಎದುರು ದಿಕ್ಕುಗಳಿಗೆ ಸರಿಯುವುದನ್ನು ಅವರು ವಿವರಿಸಿದರು. ದಾರವೆಂಬ ಅರ್ಥದ ಗ್ರೀಕ್ ಪದದಿಂದಲೇ ಈ ಕ್ರಿಯೆಗೆ ಮೈಟೋಸಿಸ್ ಎಂಬ ಹೆಸರು ಬಂದಿತು. ಬಣ್ಣವನ್ನು ಹೀರುವ ಎಳೆಗಳಾದುದರಿಂದ ಅವುಗಳನ್ನು ಕನ್ನಡದಲ್ಲಿ ವರ್ಣತಂತುಗಳೆನ್ನುತ್ತೇವೆ. ನಮ್ಮ ಕೋಶದಲ್ಲಿ ಅವು 46 ಎಂಬ ಸರಿಯಾದ ಎಣಿಕೆ ದೊರೆತದ್ದು 1956ರಲ್ಲಿ, ಸ್ವೀಡನ್ನಿನ ಲುಂಡ್ ನಗರದಲ್ಲಿ, ಟಿಯೊ ಮತ್ತು ಲೆವಾನ್ ಎಂಬ ವಿಜ್ಞಾನಿಗಳಿಂದ.

ವಿಭಜನೆಗೆ ಮುನ್ನ ಕೋಶವು ಈ 46 ತಂತುಗಳಲ್ಲಿ ಒಂದೊಂದಕ್ಕೂ ತದ್ರೂಪಿಯನ್ನು ರಚಿಸಿಕೊಳ್ಳುತ್ತದೆ. ಮೂಲವೂ ನಕಲೂ ಅವಳಿಗಳಂತೆ ಅಂಟಿಕೊಂಡಿರುತ್ತವೆ. ಅವುಗಳನ್ನು ಹಿಡಿದಿಡುವುದು ಕೊಹೆಸಿನ್ ಎಂಬ ಪ್ರೋಟೀನು. ಅದು ಬಳೆಯ ಆಕಾರದ್ದು. ಎರಡು ಎಳೆಗಳನ್ನೂ ತನ್ನೊಳಗೆ ಸೇರಿಸಿಕೊಂಡು ಸುತ್ತುವರಿದಿರುತ್ತದೆ. ಆಮೇಲೆ ಕೋಶದ ಎರಡು ತುದಿಗಳಿಂದ ನೂಲಿನಂತಹ ಸೂಕ್ಷ್ಮನಾಳಿಕೆಗಳು ಬೆಳೆದು ಬರುತ್ತವೆ. ನೂಲುವ ಕದಿರಿನ ಆಕಾರವನ್ನು ತಾಳುವುದರಿಂದ ಈ ರಚನೆಗೆ ಕದಿರು ಎಂದೇ ಹೆಸರು. ಪ್ರತಿಯೊಂದು ಅವಳಿಯಲ್ಲಿ ಒಬ್ಬಳನ್ನು ಒಂದು ತುದಿಯ ನೂಲು, ಇನ್ನೊಬ್ಬಳನ್ನು ಇನ್ನೊಂದು ತುದಿಯ ನೂಲು ಹಿಡಿದು ಜಗ್ಗುತ್ತವೆ. ಬಳೆ ಬಿಗಿಯಾಗಿರುವವರೆಗೆ ಅವು ಅಗಲುವುದಿಲ್ಲ. ಎಲ್ಲವೂ ಕೋಶದ ನಡುವೆ ಸಾಲಾಗಿ ನಿಲ್ಲುತ್ತವೆ.

ಇಲ್ಲಿಗೆ ಸಿದ್ಧತೆ ಮುಗಿಯಿತು. ಇನ್ನು ಮುಂದಿನದೇ ನಮ್ಮ ವಿಷಯ. ಈ ಜಗ್ಗಾಟವನ್ನು ಕೊನೆಗಾಣಿಸಿ ಒಂದನ್ನು ಎರಡಾಗಿಸುವ ಅಧಿಕಾರ ಯಾರ ಕೈಯಲ್ಲಿದೆ?

ಉತ್ತರದ ಮೊದಲ ಸುಳಿವು ಸಮುದ್ರದ ಒಂದು ಮುಳ್ಳುಜೀವಿಯ ತತ್ತಿಯಲ್ಲಿ ಸಿಕ್ಕಿತು. 1982ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಟಿಮ್ ಹಂಟ್ ಅವರು ಅಮೆರಿಕದ ವುಡ್ಸ್ ಹೋಲ್ ಎಂಬ ಕಡಲತೀರದ ಸಂಶೋಧನಾಲಯದಲ್ಲಿ ಕಡಲ ಮುಳ್ಳುಚೆಂಡಿನ ತತ್ತಿಗಳನ್ನು ಪರೀಕ್ಷಿಸುತ್ತಿದ್ದರು. ಫಲಿತವಾದ ಈ ತತ್ತಿಗಳು ಒಟ್ಟೊಟ್ಟಿಗೆ ವಿಭಜನೆ ಹೊಂದುತ್ತವೆ. ಕೆಲಕೆಲವು ನಿಮಿಷಗಳಿಗೊಮ್ಮೆ ಅವುಗಳ ಮಾದರಿ ತೆಗೆದು, ಒಳಗೆ ಯಾವ ಯಾವ ಪ್ರೋಟೀನು ಹುಟ್ಟುತ್ತಿದೆಯೆಂದು ಅವರು ಲೆಕ್ಕವಿಟ್ಟರು. ಉಳಿದವು ಹೆಚ್ಚುತ್ತಲೇ ಹೋಗುತ್ತಿರಲು, ಒಂದು ಪ್ರೋಟೀನು ಮಾತ್ರ ಕ್ರಮೇಣ ಹೆಚ್ಚಿ, ಕೋಶವು ಎರಡಾಗುವ ಹೊತ್ತಿಗೆ ಸರಿಯಾಗಿ ಮಾಯವಾಗುತ್ತಿತ್ತು. ಮರುಸುತ್ತಿನಲ್ಲಿ ಮತ್ತೆ ಹೆಚ್ಚಿ ಮತ್ತೆ ಮಾಯವಾಗುತ್ತಿತ್ತು. ಚಕ್ರದಂತೆ ಬಂದುಹೋಗುವ ಅದಕ್ಕೆ ಸೈಕ್ಲಿನ್ ಎಂದು ನಾಮಕರಣವಾಯಿತು.

ಇದೇ ರಹಸ್ಯವನ್ನು ಬೇರೆ ಬಾಗಿಲುಗಳಿಂದ ಪ್ರವೇಶಿಸಿದವರು ಇನ್ನಿಬ್ಬರು. ಅಮೆರಿಕದ ಲೀಲೆಂಡ್ ಹಾರ್ಟ್‌ವೆಲ್ ಅವರು ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟಿನಲ್ಲಿ ವಿಭಜನೆಯನ್ನು ನಡೆಸುವ ವಂಶವಾಹಿಗಳನ್ನು ನೂರಕ್ಕೂ ಮಿಕ್ಕಿ ಗುರುತಿಸಿದರು. ಇಂಗ್ಲೆಂಡಿನ ಪಾಲ್ ನರ್ಸ್ ಅವರು ಇನ್ನೊಂದು ಜಾತಿಯ ಯೀಸ್ಟಿನಲ್ಲಿ ವಿಭಜನೆಗೆ ಅಪ್ಪಣೆ ಕೊಡುವ ಮುಖ್ಯ ಕಿಣ್ವವನ್ನು ಕಂಡುಹಿಡಿದರು. ಆ ಕಿಣ್ವ ಕೆಟ್ಟುಹೋಗಿದ್ದ ಯೀಸ್ಟಿಗೆ ಮನುಷ್ಯನ ವಂಶವಾಹಿಯನ್ನು ಕೊಟ್ಟಾಗ ಅದು ಮತ್ತೆ ವಿಭಜನೆಗೆ ತೊಡಗಿತೆಂದು 1987ರಲ್ಲಿ ಅವರ ತಂಡ ತೋರಿಸಿತು. ಕಣ್ಣಿಗೆ ಕಾಣದ ಯೀಸ್ಟಿಗೂ ಮನುಷ್ಯನಿಗೂ ಈ ವಿಷಯದಲ್ಲಿ ಒಂದೇ ಶಾಸನವೆಂಬುದು ಇದರಿಂದ ಸ್ಥಿರಪಟ್ಟಿತು. ಈ ಮೂವರಿಗೂ 2001ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು.

ಸೈಕ್ಲಿನ್ ಬಂದು ಕೂಡಿದಾಗಲೇ ಆ ಕಿಣ್ವಕ್ಕೆ ಬಲ. ಅದರ ಅಪ್ಪಣೆಯಂತೆ ಕೋಶಕೇಂದ್ರದ ಪೊರೆ ಕರಗುತ್ತದೆ, ತಂತುಗಳು ಮುದುಡಿ ದಪ್ಪವಾಗುತ್ತವೆ, ಕದಿರು ಮೂಡುತ್ತದೆ. ಸೈಕ್ಲಿನ್ ಅಳಿದೊಡನೆ ಅಪ್ಪಣೆಯೂ ಅಳಿಯುತ್ತದೆ. ಹಾಗೆ ಅಳಿಯದಿದ್ದರೆ ಕೋಶವು ಆ ಸ್ಥಿತಿಯಿಂದ ಹೊರಬರಲಾರದು. ಪ್ರಯೋಗಶಾಲೆಯಲ್ಲಿ ನಾಶವಾಗದಂತಹ ಸೈಕ್ಲಿನ್ನನ್ನು ಸೃಷ್ಟಿಸಿ ಕೋಶದೊಳಗೆ ಸೇರಿಸಿದಾಗ ಹಾಗೆಯೇ ಆಯಿತು. ಕೋಶವು ವಿಭಜನೆಯ ನಡುವೆಯೇ ಸಿಕ್ಕಿಕೊಂಡಿತು.

ಈ ನಾಶವು ತಾನಾಗಿ ಆಗುವಂಥದಲ್ಲ. ಕೋಶದಲ್ಲಿ ಯುಬಿಕ್ವಿಟಿನ್ ಎಂಬ 76 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು ಇದೆ. ಯಾವ ಪ್ರೋಟೀನಿನ ಕಾಲ ಮುಗಿಯಿತೋ ಅದರ ಮೇಲೆ ಇದು ಮುದ್ರೆಯಂತೆ ಬೀಳುತ್ತದೆ. ಮುದ್ರೆ ಬಿದ್ದದ್ದು ಪ್ರೋಟಿಯಾಸೋಮ್ ಎಂಬ ಪೀಪಾಯಿಯಾಕಾರದ ಯಂತ್ರದೊಳಗೆ ಹೋಗಿ, ಗಾಣಕ್ಕೆ ಸಿಕ್ಕ ಕಬ್ಬಿನಂತೆ ನುಗ್ಗಾಗುತ್ತದೆ. ಈ ವ್ಯವಸ್ಥೆಯನ್ನು ಬೆಳಕಿಗೆ ತಂದ ಇಸ್ರೇಲಿನ ಆರನ್ ಸೀಕನೋವರ್, ಅವ್ರಾಮ್ ಹರ್ಷ್ಕೊ ಹಾಗೂ ಅಮೆರಿಕದ ಇರ್ವಿನ್ ರೋಸ್ ಅವರು 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಪಡೆದರು. ವಿಭಜನೆಯ ಕೊನೆಯಲ್ಲಿ ಮುದ್ರೆಯೊತ್ತುವ ಅಧಿಕಾರಿ ಹಲವು ಪ್ರೋಟೀನುಗಳ ಒಂದು ದೊಡ್ಡ ಕೂಟ. ಎರಡು ಪ್ರಯೋಗಾಲಯಗಳಲ್ಲಿ 1995ರಲ್ಲಿ ಪತ್ತೆಯಾದ ಅದನ್ನು ಏಪಿಸಿ ಎಂದು ಕರೆಯುತ್ತಾರೆ.

ಏಪಿಸಿಯ ಮುದ್ರೆ ಎರಡು ಪ್ರೋಟೀನುಗಳ ಮೇಲೆ ಒಂದೇ ಕಾಲಕ್ಕೆ ಬೀಳುತ್ತದೆ ಎಂಬುದು ಇಲ್ಲಿಯ ಸೂಕ್ಷ್ಮ. ಮೊದಲನೆಯದು ನಾವು ಹೇಳಿದ ಸೈಕ್ಲಿನ್. ಎರಡನೆಯದು ಸೆಕ್ಯೂರಿನ್. ಕೊಹೆಸಿನ್ ಬಳೆಯನ್ನು ಕತ್ತರಿಸಬಲ್ಲ ಸೆಪರೇಸ್ ಎಂಬ ಕತ್ತರಿಯೊಂದು ಕೋಶದಲ್ಲಿ ಮೊದಲೇ ಸಿದ್ಧವಾಗಿರುತ್ತದೆ. ಅದರ ಅಲಗಿಗೆ ಒರೆ ಹಾಕಿ ಹಿಡಿದಿರುವುದೇ ಸೆಕ್ಯೂರಿನ್. ಒರೆ ನಾಶವಾದ ಕೂಡಲೆ ಕತ್ತರಿ ಬಳೆಗಳನ್ನು ಕಡಿಯುತ್ತದೆ. ವಿಯೆನ್ನಾ ನಗರದಲ್ಲಿ ಕಿಮ್ ನಾಸ್ಮಿತ್ ಅವರ ತಂಡವು 1999ರಲ್ಲಿ ಯೀಸ್ಟಿನಲ್ಲಿ ಇದನ್ನು ಸಿದ್ಧಪಡಿಸಿ ತೋರಿಸಿತು. ಬಳೆ ಕಡಿದೊಡನೆ ಅವಳಿ ತಂತುಗಳು ತಮ್ಮ ತಮ್ಮ ದಿಕ್ಕಿಗೆ ಜಾರುತ್ತವೆ. ಅದೇ ಹೊತ್ತಿಗೆ ಸೈಕ್ಲಿನ್ನೂ ಅಳಿಯುವುದರಿಂದ ಹೊಸ ಕೋಶಕೇಂದ್ರಗಳು ರೂಪುಗೊಳ್ಳಲು ದಾರಿಯಾಗುತ್ತದೆ. ಪಾಲಾಗುವುದೂ ಪಾಲಿನ ಅಪ್ಪಣೆ ಮುಗಿಯುವುದೂ ಹೀಗೆ ಜೊತೆಗೂಡಿ ನಡೆಯುತ್ತವೆ.

ಕಡಿದ ಬಳೆಯನ್ನು ಮತ್ತೆ ಬೆಸೆಯುವಂತಿಲ್ಲ. ಆದುದರಿಂದ ಕಡಿಯುವ ಮುನ್ನ ಎಲ್ಲ ಅವಳಿಗಳನ್ನೂ ನೂಲುಗಳು ಸರಿಯಾಗಿ ಹಿಡಿದಿವೆಯೇ ಎಂದು ನೋಡಲೇಬೇಕು. 1991ರಲ್ಲಿ ಯೀಸ್ಟಿನಲ್ಲಿ ಮ್ಯಾಡ್ ಮತ್ತು ಬಬ್ ಎಂಬ ಹೆಸರಿನ ಕಾವಲು ಪ್ರೋಟೀನುಗಳ ವಂಶವಾಹಿಗಳು ಪತ್ತೆಯಾದವು. ನೂಲು ಹಿಡಿಯದೆ ಉಳಿದ ತಂತುವಿನ ಬಳಿ ಈ ಕಾವಲುಗಾರರು ಸೇರಿ, ಏಪಿಸಿಯ ಕೈಯನ್ನು ಕಟ್ಟಿಹಾಕುತ್ತಾರೆ. ಪಂಕ್ತಿಯಲ್ಲಿ ಕೊನೆಯ ಎಲೆಗೆ ಬಡಿಸುವವರೆಗೆ ಮೊದಲ ಎಲೆಯವರೂ ತುತ್ತೆತ್ತದೆ ಕಾಯುತ್ತಾರಲ್ಲವೇ, ಆ ಮರ್ಯಾದೆಯೇ ಇಲ್ಲಿಯದೂ. 46ರಲ್ಲಿ 45 ಸಿದ್ಧವಾಗಿದ್ದರೂ ಒಂದಕ್ಕಾಗಿ ಎಲ್ಲವೂ ನಿಲ್ಲುತ್ತವೆ.

ಅಮೆರಿಕದ ಆಲ್ಬನಿ ನಗರದಲ್ಲಿ ಕಾನ್ಲಿ ರೀಡರ್ ಮತ್ತು ಸಂಗಡಿಗರು 1995ರಲ್ಲಿ ಇದನ್ನು ಕಣ್ಣಾರೆ ಪರೀಕ್ಷಿಸಿದರು. ಆಸ್ಟ್ರೇಲಿಯಾದ ಇಲಿ-ಕಾಂಗರೂ ಎಂಬ ಪುಟ್ಟ ಪ್ರಾಣಿಯ ಮೂತ್ರಪಿಂಡದ ಕೋಶಗಳಲ್ಲಿ, ಕೊನೆಯ ತಂತುವಿಗೆ ನೂಲು ತಗುಲಿದ ಮೇಲೆ ಸುಮಾರು 20 ನಿಮಿಷಗಳಿಗೆ ತಂತುಗಳು ಅಗಲುತ್ತವೆ. ಕೊನೆಯ ತಂತುವಿಗೆ ನೂಲು ತಗುಲದೆ ಇದ್ದರೆ ಕೋಶವು ಕಾಯುತ್ತಲೇ ಇರುತ್ತದೆ. ಹಾಗೆ ಕಾಯುತ್ತಿದ್ದ ಕೋಶದಲ್ಲಿ, ನೂಲು ತಗುಲಬೇಕಾಗಿದ್ದ ಆ ಒಂದು ಬಿಂದುವನ್ನು ಅವರು ಲೇಸರ್ ಕಿರಣದಿಂದ ಸುಟ್ಟರು. ಕೋಶವು ಕಾಯುವುದನ್ನು ಬಿಟ್ಟು ಮುಂದುವರಿಯಿತು. ನಿಲ್ಲು ಎಂಬ ಕೂಗು ಆ ಒಂದೇ ಬಿಂದುವಿನಿಂದ ಬರುತ್ತಿತ್ತೆಂಬುದು ಇದರಿಂದ ಸಿದ್ಧವಾಯಿತು.

ತಂತುಗಳು ಅಗಲಿದ ಮೇಲೆ ಕೋಶದ ದೇಹವೇ ಎರಡಾಗಬೇಕು. ನಡುಭಾಗದಲ್ಲಿ, ಪೊರೆಯ ಒಳಮೈಗೆ ಹತ್ತಿ, ಆಕ್ಟಿನ್ ಮತ್ತು ಮಯೋಸಿನ್ ಎಂಬ ಪ್ರೋಟೀನುಗಳ ಉಂಗುರವೊಂದು ಕಟ್ಟಿಕೊಳ್ಳುತ್ತದೆ. ನಮ್ಮ ತೋಳಿನ ಸ್ನಾಯುವನ್ನು ಮಡಿಸುವುದೂ ಇದೇ ಜೋಡಿ. ಉಂಗುರವನ್ನು ಎಲ್ಲಿ ಕಟ್ಟಬೇಕೆಂಬ ಸಂಕೇತ ನಡುವಿನ ಕದಿರಿನಿಂದ ಬರುತ್ತದೆ. ಸಂಕೇತವನ್ನು ಪೊರೆಗೆ ಮುಟ್ಟಿಸುವವನು ರೋ ಎಂಬ ಪುಟ್ಟ ಪ್ರೋಟೀನು. ಚೀಲದ ಬಾಯಿಗೆ ಹಾಕಿದ ದಾರವನ್ನು ಎಳೆದಂತೆ ಉಂಗುರ ಬಿಗಿಯುತ್ತ ಬಂದು, ಕೊನೆಗೆ ಎರಡು ಕೋಶಗಳ ನಡುವೆ ಮಿಲಿಮೀಟರಿನ ಸಾವಿರದ ಒಂದು ಪಾಲಿನಷ್ಟು ದಪ್ಪದ ಎಳೆ ಮಾತ್ರ ಉಳಿಯುತ್ತದೆ.

ಆ ಎಳೆಯನ್ನು ಕತ್ತರಿಸುವ ಕಾರ್ಯ ಎಸ್ಕ್ರ್ಟ್ ಎಂಬ ಇನ್ನೊಂದು ಪ್ರೋಟೀನು ಸಮೂಹದ್ದು. ಎಳೆಯ ಒಳಗೆ ಸುರುಳಿಯಾಗಿ ಸುತ್ತಿಕೊಂಡು ಅದನ್ನು ಸಪುರಗೊಳಿಸಿ ಪೊರೆಯನ್ನು ಕಡಿಯುತ್ತದೆಂಬುದು 2007ರಿಂದೀಚೆಗೆ ತಿಳಿದುಬಂದಿದೆ. ಏಡ್ಸ್ ರೋಗದ ವೈರಾಣುವೂ ಕೋಶದಿಂದ ಕಳಚಿಕೊಂಡು ಹೊರಬರಲು ಇದೇ ಕತ್ತರಿಯನ್ನು ಕದ್ದು ಬಳಸುತ್ತದೆ. ಈ ಕೊನೆಯ ಹಂತದಲ್ಲಿಯೂ ಕಾವಲು ತಪ್ಪಿಲ್ಲ. ಯಾವುದಾದರೊಂದು ತಂತು ಹಿಂದುಳಿದು ಆ ಎಳೆಯಲ್ಲಿ ಸಿಕ್ಕಿಕೊಂಡಿದ್ದರೆ, ಅರೋರಾ ಬಿ ಎಂಬ ಕಿಣ್ವ ಕತ್ತರಿಯನ್ನು ತಡೆದು ನಿಲ್ಲಿಸುತ್ತದೆ. ದಾರಿ ತೆರವಾದ ಮೇಲೆ ಅದು ತಣ್ಣಗಾಗುತ್ತದೆ. ಆಗ ಕೋಶಗಳು ಬೇರೆಯಾಗುತ್ತವೆ.

ಈ ಇಡೀ ಕಥೆಯಲ್ಲಿ ವಾಚಕರು ಗಮನಿಸಬೇಕಾದ ಅಂಶವೊಂದಿದೆ. ಸೈಕ್ಲಿನ್ ಅಳಿಯಬೇಕು, ಸೆಕ್ಯೂರಿನ್ ಅಳಿಯಬೇಕು, ಬಳೆ ಮುರಿಯಬೇಕು, ಅರೋರಾ ತಣ್ಣಗಾಗಬೇಕು. ಆರಂಭಕ್ಕೆ ಕೂಡಿಸಿಕೊಳ್ಳುವುದು ಬೇಕಾದರೆ ಮುಕ್ತಾಯಕ್ಕೆ ಬಿಟ್ಟುಕೊಡುವುದು ಬೇಕು, ಅದೂ ಸಕಾಲದಲ್ಲಿ. ಸಂಸ್ಕೃತದಲ್ಲಿ ಸೃಷ್ಟಿ ಎಂಬ ಪದ ಸೃಜ್ ಧಾತುವಿನಿಂದ ಬಂದಿದೆ. ಬಿಡುವುದು ಎಂಬುದೇ ಆ ಧಾತುವಿನ ಅರ್ಥ. ವೈಯಾಕರಣರು ಕೋಶವನ್ನು ಕಂಡವರಲ್ಲ. ಆದರೂ ಈ ಪದ ಇಲ್ಲಿ ಸೊಗಸಾಗಿ ಹೊಂದುತ್ತದೆ.

ಬಿಡುವ ಕಾಲ ತಪ್ಪಿದರೇನಾಗುತ್ತದೆ? ಒಂದು ಕೋಶಕ್ಕೆ ತಂತು ಹೆಚ್ಚು, ಇನ್ನೊಂದಕ್ಕೆ ಕಡಿಮೆ ಬೀಳುತ್ತದೆ. ಬಹುತೇಕ ಅಂತಹ ಕೋಶಗಳು ಬಾಳುವುದಿಲ್ಲ. ಬಾಳಿದವುಗಳಲ್ಲಿ ಕೆಲವು ಅಂಕೆ ಮೀರಿ ಬೆಳೆಯಬಹುದೆಂದು ಜರ್ಮನಿಯ ಥಿಯೊಡೋರ್ ಬೊವೆರಿ ಅವರು 1914ರಲ್ಲಿಯೇ ತರ್ಕಿಸಿದ್ದರು. ಕ್ಯಾನ್ಸರಿನ ಗಡ್ಡೆಗಳಲ್ಲಿ ಬಹುಪಾಲಿನಲ್ಲಿ ತಂತುಗಳ ಎಣಿಕೆ ಏರುಪೇರಾಗಿರುವುದು ಇಂದು ಸರ್ವವಿದಿತ.

ಇನ್ನು ನಾವು ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ಬರೋಣ. ಸ್ತ್ರೀಯ ಅಂಡಾಣುವಿನಲ್ಲಿಯೂ ಕೊಹೆಸಿನ್ ಬಳೆಗಳೇ ತಂತುಗಳನ್ನು ಹಿಡಿದಿಡುತ್ತವೆ. ಆದರೆ ಅಲ್ಲಿಯ ಕಾಲಮಾನ ಬೇರೆ. ಹೆಣ್ಣುಮಗುವು ತನ್ನ ತಾಯಿಯ ಗರ್ಭದಲ್ಲಿರುವಾಗಲೇ ಅದರ ಅಂಡಾಣುಗಳು ವಿಭಜನೆಗೆ ತೊಡಗಿ, ತಂತುಗಳಿಗೆ ಬಳೆ ತೊಡಿಸಿ, ನಡುವೆ ನಿಂತುಬಿಡುತ್ತವೆ. ಆ ಮಗು ಬೆಳೆದು ಪ್ರಾಯಕ್ಕೆ ಬಂದು, ಅಂಡಾಣು ಪಕ್ವವಾಗಿ ಹೊರಬೀಳುವ ತಿಂಗಳಿನಲ್ಲಿ ಮಾತ್ರ ವಿಭಜನೆ ಮುಂದುವರಿಯುತ್ತದೆ. 35ನೆಯ ವಯಸ್ಸಿನಲ್ಲಿ ತಾಯಿಯಾಗುವವಳ ಅಂಡಾಣುವಿನ ಬಳೆಗಳಿಗೂ 35 ವರ್ಷ ಮೀರಿರುತ್ತದೆ. ಹಳೆಯ ಬಳೆಗಳ ಬದಲಿಗೆ ಹೊಸವು ಬರುವುದಿಲ್ಲವೆಂದು ಇಲಿಗಳಲ್ಲಿ ನಡೆದ ಪ್ರಯೋಗಗಳು ತೋರಿಸಿವೆ. ಕಾಲಕ್ರಮೇಣ ಅವು ಸಡಿಲಗೊಂಡು, ತಂತುಗಳು ಹೊತ್ತಿಗೆ ಮೊದಲೇ ಜಾರಿ ತಪ್ಪು ಪಾಲಿಗೆ ಹೋಗುವ ಸಂಭವ ಹೆಚ್ಚುತ್ತದೆ.

ಹೀಗೆ 21ನೆಯ ವರ್ಣತಂತು ಎರಡರ ಬದಲು ಮೂರಾದಾಗ ಹುಟ್ಟುವ ಮಗುವಿನಲ್ಲಿ ಡೌನ್ ಸಿಂಡ್ರೋಮ್ ಕಾಣುತ್ತದೆ. ಪ್ಯಾರಿಸ್ಸಿನಲ್ಲಿ ಲೆಜೂನ್, ಮಾರ್ತ್ ಗೋತಿಯೆ ಮತ್ತು ತ್ಯೂರ್ಪೆ ಅವರು ಇದನ್ನು 1959ರಲ್ಲಿ ಪ್ರಕಟಿಸಿದರು. ತಾಯಿಯ ವಯಸ್ಸು 35 ಇರುವಾಗ ಸುಮಾರು 350 ಜನನಗಳಿಗೆ ಒಂದು, 40ರಲ್ಲಿ ಸುಮಾರು 100ಕ್ಕೆ ಒಂದು ಇಂತಹ ಜನನವಾಗುತ್ತದೆ. ಎಳೆಯ ತಾಯಂದಿರಲ್ಲಿ ಸಂಭವ ಇದಕ್ಕಿಂತ ಬಹಳ ಕಡಿಮೆ. ಆದರೂ ಹೆರಿಗೆಗಳು ಹೆಚ್ಚಾಗಿ ಅವರಲ್ಲೇ ಆಗುವುದರಿಂದ ಇಂತಹ ಮಕ್ಕಳು ಅವರ ಮಡಿಲಿಗೂ ಬರುತ್ತವೆ. ಕೆಲವು ಪ್ರಕರಣಗಳಲ್ಲಿ ಹೆಚ್ಚಿನ ತಂತು ತಂದೆಯ ಕಡೆಯಿಂದ ಬಂದಿರುತ್ತದೆ. ಮೊದಲ ಮೂರು ತಿಂಗಳೊಳಗೆ ಇಳಿದುಹೋಗುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ತಂತುಗಳ ಇಂತಹ ಏರುಪೇರೇ ಕಾರಣ.

ಆದುದರಿಂದ ಮನೆಯ ಹಿರಿಯರು ಮನಗಾಣಬೇಕಾದ ಮಾತಿದು. ಪಪ್ಪಾಯಿ ತಿಂದಳು, ಗ್ರಹಣದಲ್ಲಿ ಹೊರಗೆ ಬಂದಳು, ಕೊಡ ಎತ್ತಿದಳು, ಅವಳ ಕಾಲ್ಗುಣವೇ ಸರಿಯಿಲ್ಲ ಎಂದು ಸೊಸೆಯನ್ನು ನೋಯಿಸುವ ಮನೆಗಳನ್ನು ನಾವು ಕಂಡಿದ್ದೇವೆ. ಆಕೆ ಏನನ್ನು ತಿಂದರೂ, ಎಲ್ಲಿ ನಡೆದರೂ ವರ್ಣತಂತುಗಳ ಎಣಿಕೆ ಅದರಿಂದ ಕೆಡುವುದಿಲ್ಲ. ಆ ಬಳೆಯನ್ನು ತೊಡಿಸಿದ್ದು ಆಕೆ ಕಣ್ಣು ತೆರೆಯುವ ಮೊದಲು. ಅದು ಸಡಿಲಿದ್ದು ಯಾರಿಗೂ ಕಾಣದ ಕಡೆ. ತಾನು ಮಾಡದ ಕಾರ್ಯಕ್ಕೆ ಯಾರನ್ನೂ ಅಪರಾಧಿಯಾಗಿಸುವುದು ನ್ಯಾಯವಲ್ಲ. ತಂತುಗಳ ಪರೀಕ್ಷೆಯಿಂದ ಕಾರಣವನ್ನು ವೈದ್ಯರು ಹೇಳಬಲ್ಲರು. ಮುಂದಿನ ಗರ್ಭದ ಬಗೆಗೂ ಸಲಹೆ ಕೊಡಬಲ್ಲರು. ಇಂತಹ ಮಗು ಹುಟ್ಟಿದರೆ ಅದರ ಹೃದಯವನ್ನು ತಪ್ಪದೆ ಪರೀಕ್ಷಿಸಬೇಕು. ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಹುಟ್ಟಿನಿಂದಲೇ ಹೃದಯದ ದೋಷವಿರುತ್ತದೆ. ಸಕಾಲದ ಚಿಕಿತ್ಸೆ, ಮಾತಿನ ತರಬೇತಿ, ಶಾಲೆ, ಮನೆಯವರ ಅಕ್ಕರೆ ಇವುಗಳಿಂದ ಆ ಮಗು ಬಹಳಷ್ಟನ್ನು ಕಲಿಯುತ್ತದೆ.

ಇದೇ ಜ್ಞಾನ ರೋಗ ಗುಣಪಡಿಸಲೂ ಒದಗಿದೆ. ನಮ್ಮ ಹಿತ್ತಿಲುಗಳಲ್ಲಿ ವರ್ಷವೆಲ್ಲ ಅರಳುವ ಕಾಶಿಕಣಗಿಲೆ, ಅಂದರೆ ನಿತ್ಯಪುಷ್ಪ, ಮಡಗಾಸ್ಕರ್ ದ್ವೀಪದಿಂದ ಬಂದ ಗಿಡ. ಅದರ ಎಲೆಯ ಸತ್ತ್ವವನ್ನು ಕೆನಡಾದಲ್ಲಿ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬೀರ್ ಅವರು 1958ರಲ್ಲಿ ಬೇರ್ಪಡಿಸಿದರು. ಅದರ ಸಂಬಂಧಿಯಾದ ವಿಂಕ್ರಿಸ್ಟಿನ್ ಮಕ್ಕಳ ರಕ್ತದ ಕ್ಯಾನ್ಸರಿಗೆ ಇಂದಿಗೂ ಮುಖ್ಯ ಔಷಧ. ಅದು ಕದಿರಿನ ನೂಲನ್ನೇ ಕಟ್ಟಗೊಡುವುದಿಲ್ಲ. ನೂಲಿಲ್ಲದೆ ತಂತು ಸಿದ್ಧವಾಗದು, ಸಿದ್ಧವಾಗದೆ ಕಾವಲು ಬಿಡದು. ಕಾಯುತ್ತ ಕಾಯುತ್ತ ರೋಗದ ಕೋಶ ಸಾಯುತ್ತದೆ. ಟ್ಯಾಕ್ಸಾಲ್ ಎಂಬ ಇನ್ನೊಂದು ಔಷಧ ಅಮೆರಿಕದ ಯೂ ಮರದ ತೊಗಟೆಯದು. 1971ರಲ್ಲಿ ಅದರ ರಚನೆಯನ್ನು ಪ್ರಕಟಿಸಿದವರಲ್ಲಿ ಒಬ್ಬರು ಮಹಾರಾಷ್ಟ್ರದ ನಂದುರಬಾರಿನಲ್ಲಿ ಹುಟ್ಟಿದ ಮನ್‌ಸುಖ್ ವಾನಿ. ಅದು ನೂಲನ್ನು ಸಡಿಲಲು ಬಿಡದೆ ಬಿಗಿಹಿಡಿಯುತ್ತದೆ. ಇಂತಹ ಔಷಧಗಳಿಂದ ಕೂದಲು ಉದುರುವುದೂ ರಕ್ತಕಣ ಕುಗ್ಗುವುದೂ ಏಕೆಂದರೆ, ಬೇಗ ಬೇಗ ವಿಭಜನೆ ಹೊಂದುವ ಆರೋಗ್ಯವಂತ ಕೋಶಗಳಿಗೂ ಅದೇ ಪೆಟ್ಟು ಬೀಳುತ್ತದೆ. ಹಿತ್ತಿಲ ಗಿಡವೆಂದು ಆ ಎಲೆಯನ್ನು ಜಗಿಯುವುದಾಗಲಿ ಕಷಾಯ ಮಾಡುವುದಾಗಲಿ ಕೂಡದು, ಅದು ವಿಷ. ಶುದ್ಧಿಗೊಳಿಸಿ ಅಳತೆಯಿಂದ ಕೊಟ್ಟಾಗ ಮಾತ್ರ ಔಷಧ.

ಒಂದು ತಂತುವಿಗಾಗಿ ಕೋಶವೇ ಕಾಯುತ್ತದೆ. ಹೊತ್ತು ಬಂದಾಗ ಬಿಟ್ಟುಕೊಡುತ್ತದೆ. ಕಾಯುವುದನ್ನೂ ಬಿಡುವುದನ್ನೂ ನಮ್ಮ ಮನೆಗಳೂ ಬಲ್ಲವು. ಗರ್ಭ ಕಳೆದುಕೊಂಡ ಹೆಣ್ಣುಮಗಳು ಚೇತರಿಸಿಕೊಳ್ಳುವವರೆಗೆ ಕಾಯಬೇಕು. ಆಕೆಯ ಮೇಲೆ ಹೊರಿಸಿದ ದೋಷವನ್ನು ಇಂದೇ ಬಿಡಬೇಕು. ಮುಂದಿನ ಬಾರಿ ಆಕೆ ವೈದ್ಯರಲ್ಲಿಗೆ ಹೋಗುವಾಗ ಒಬ್ಬಳನ್ನೇ ಕಳುಹಿಸದೆ ಅತ್ತೆಯೂ ಪತಿಯೂ ಜೊತೆಗೆ ಹೋಗಲಿ ಎಂಬುದು ನಮ್ಮ ವಿನಂತಿ.